ದಿನದ ಸ್ಥಿತಿಗೆ ಹೊಂದಿಕೊಳ್ಳುವ ವ್ಯಾಯಾಮಕ್ರಮದೊಳಗೆ ಫಂಕ್ಷನಲ್ ಟ್ರೈನಿಂಗ್ ಅಳವಡಿಸಿಕೊಳ್ಳುವ ಬಗೆ

ಲೆಗ್ ಪ್ರೆಸ್ ಯಂತ್ರದಲ್ಲಿ 150 ಕಿಲೋ ತಳ್ಳಬಲ್ಲವರು ನೆಲದ ಮೇಲಿನ 20 ಕಿಲೋ ಪೆಟ್ಟಿಗೆಯನ್ನು ಎತ್ತಿ, ಪಕ್ಕಕ್ಕೆ ತಿರುಗಿ, ಎದೆಮಟ್ಟದ ಕಪಾಟಿನಲ್ಲಿ ಇಡುವಷ್ಟರಲ್ಲಿ ಬೆನ್ನು ಹಿಡಿದುಕೊಂಡು ನಿಂತುಬಿಡುವುದುಂಟು. ಅವರ ಕಾಲಿನ ಬಲ ಸುಳ್ಳಲ್ಲ. ಆದರೆ ಯಂತ್ರದಲ್ಲಿ ಬೆನ್ನಿಗೆ ಆಸನದ ಆಸರೆಯಿತ್ತು, ತೂಕ ಸಾಗುವ ದಾರಿಯನ್ನು ಹಳಿಗಳು ಮೊದಲೇ ಗೊತ್ತುಮಾಡಿದ್ದವು, ಸಮತೋಲನ ಕಾಯ್ದುಕೊಳ್ಳುವ ಕೆಲಸ ದೇಹಕ್ಕೆ ಬರಲೇ ಇಲ್ಲ. ಪೆಟ್ಟಿಗೆ ಎತ್ತುವಾಗ ಈ ಮೂರೂ ಹೊರೆಗಳು ಒಟ್ಟಿಗೆ ಮೈಮೇಲೆ ಬಂದವು. ದೇಹವು ತನ್ನ ಮೇಲೆ ಬೀಳುವ ಬೇಡಿಕೆಗೆ ತಕ್ಕಂತೆ ಮಾತ್ರ ಪಳಗುತ್ತದೆ, ಕೇಳದೆ ಇದ್ದುದನ್ನು ಅದು ಕಲಿಯುವುದಿಲ್ಲ ಎಂಬುದು ವ್ಯಾಯಾಮ ವಿಜ್ಞಾನದ ಅತ್ಯಂತ ಹಳೆಯ ತಿಳಿವಳಿಕೆಗಳಲ್ಲಿ ಒಂದು. ಫಂಕ್ಷನಲ್ ಟ್ರೈನಿಂಗ್ ಎಂದರೆ ಆ ಬೇಡಿಕೆಯನ್ನು ನಿತ್ಯದ ಚಲನೆಗಳ ಕಡೆಯಿಂದ ಆರಿಸಿಕೊಳ್ಳುವುದು: ಕೂತು ಏಳುವುದು, ಬಾಗಿ ಎತ್ತುವುದು, ತಳ್ಳುವುದು, ಎಳೆಯುವುದು, ಮೆಟ್ಟಿಲು ಹತ್ತಿ ಇಳಿಯುವುದು, ಹೊತ್ತು ನಡೆಯುವುದು, ತಿರುಗುವುದು ಮತ್ತು ಬೇಡದ ತಿರುವನ್ನು ತಡೆದುಕೊಳ್ಳುವುದು.

ಈ ಹೆಸರಿನಲ್ಲಿ ನಡೆಯುವ ಸರ್ಕಸ್ಸಿನ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಗಾಳಿ ತುಂಬಿದ ಚೆಂಡಿನ ಮೇಲೆ ಮಂಡಿಯೂರಿ ಡಂಬೆಲ್ ಎತ್ತುವುದು ನೋಡಲು ಚೆನ್ನಾಗಿರುತ್ತದೆ. ಆದರೆ ತಳ ಅಲುಗಾಡುತ್ತಿರುವಾಗ ಸ್ನಾಯುಗಳು ಪೂರ್ಣ ಬಲ ಹಾಕಲಾರವು, ಹೀಗಾಗಿ ಬಲವೂ ಅಷ್ಟಾಗಿ ಬೆಳೆಯುವುದಿಲ್ಲ. ನಾವು ಬದುಕಿನ ಬಹುಪಾಲು ಕೆಲಸಗಳನ್ನು ಗಟ್ಟಿ ನೆಲದ ಮೇಲೆ ನಿಂತು ಮಾಡುತ್ತೇವೆ. ಅಲುಗಾಡುವುದು ನೆಲವಲ್ಲ, ಕೈಯಲ್ಲಿರುವ ಹೊರೆ. ಅಭ್ಯಾಸವೂ ಅದಕ್ಕೆ ತಕ್ಕಂತೆ ಇರಬೇಕು. ಕಣಕಾಲು ಉಳುಕಿ ಚೇತರಿಸಿಕೊಳ್ಳುತ್ತಿರುವವರಿಗೆ ಫಿಸಿಯೋಥೆರಪಿಸ್ಟ್ ಅಂಥ ತಳವನ್ನು ಸೂಚಿಸಿದರೆ ಅದು ಬೇರೆ ವಿಷಯ.

ಮೊದಲ ಹೆಜ್ಜೆ: ಕೆಲಸಗಳ ಪಟ್ಟಿ, ಆಮೇಲೆ ಅಳತೆ

ವ್ಯಾಯಾಮಗಳ ಹೆಸರು ಬರೆಯುವ ಮುನ್ನ ಒಂದು ವಾರ ಕಾಲ ನಿಮ್ಮ ದೇಹ ಎಲ್ಲಿ ಅನುಮಾನಿಸುತ್ತದೆ ಎಂಬುದನ್ನು ಬರೆದಿಡಬೇಕು. ಮೆಟ್ಟಿಲಿಳಿಯುವಾಗ ಕೈ ತಾನಾಗಿ ಕಂಬಿಯನ್ನು ಹುಡುಕುತ್ತದೆಯೇ, ನೆಲದಿಂದ ಏಳುವಾಗ ಎರಡೂ ಅಂಗೈ ಊರಬೇಕಾಗುತ್ತದೆಯೇ, ಒಂದೇ ಕೈಯಲ್ಲಿ ಭಾರದ ಚೀಲ ಹಿಡಿದು ನಡೆದರೆ ದೇಹ ಇನ್ನೊಂದು ಕಡೆಗೆ ವಾಲುತ್ತದೆಯೇ, ಮಗುವನ್ನು ಎತ್ತಿಕೊಂಡ ಮೇಲೆ ಸೊಂಟ ಹಿಡಿಯುತ್ತದೆಯೇ? ಇಂಥ ಮೂರು ಕೆಲಸಗಳು ಸಿಕ್ಕರೆ ಸಾಕು. ಯೋಜನೆಯ ಫಂಕ್ಷನಲ್ ಭಾಗ ಈ ಮೂರರ ಸುತ್ತ ನಿಲ್ಲಬೇಕೇ ಹೊರತು, ಬೇರೆ ಯಾರಿಗೋ ಹೊಂದಿದ ಹತ್ತು ವ್ಯಾಯಾಮಗಳ ಸುತ್ತ ಅಲ್ಲ.

ನಂತರ ಅಳತೆ. ಸುಮಾರು 43 ಸೆಂ.ಮೀ. ಎತ್ತರದ, ಕೈಯಾಸರೆಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ತೋಳುಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಹಿರಿಯರಿಗಾಗಿ ಬಳಸುವ ಕೋಷ್ಟಕದ ಪ್ರಕಾರ 60ರಿಂದ 64ರ ವಯಸ್ಸಿನ ಪುರುಷರು 14ಕ್ಕಿಂತ, ಮಹಿಳೆಯರು 12ಕ್ಕಿಂತ ಕಡಿಮೆ ಸಲ ಎದ್ದರೆ ಅದು ಸರಾಸರಿಗಿಂತ ಕೆಳಗೆ. ಎರಡನೆಯದಾಗಿ, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳ ತುದಿಗೆ ತಾಗಿಸಿ ಸಾಲಾಗಿ ನಿಂತು 10 ಸೆಕೆಂಡು ಸಮತೋಲನ ಉಳಿಸಿಕೊಳ್ಳಿ. ಹಿರಿಯರಲ್ಲಿ ಇದು ಸಾಧ್ಯವಾಗದಿದ್ದರೆ ಬೀಳುವ ಅಪಾಯ ಹೆಚ್ಚು ಎಂದು ಪರಿಗಣಿಸಲಾಗುತ್ತದೆ. ಈ ಪರೀಕ್ಷೆ ಮಾಡುವಾಗ ಕೈಗೆಟುಕುವಷ್ಟು ಹತ್ತಿರದಲ್ಲಿ ಗೋಡೆಯೋ ಇನ್ನೊಬ್ಬರೋ ಇರಲಿ. ಇವೆರಡರ ಜೊತೆಗೆ ನಿಮ್ಮ ಪಟ್ಟಿಯ ಕೆಲಸವನ್ನೇ ಒಂದು ಸಲ ಮಾಡಿ, ಅದು ಹೇಗಾಯಿತೆಂದು ಒಂದು ಸಾಲು ಬರೆಯಿರಿ. "ನೆಲದಿಂದ ಎದ್ದೆ, ಬಲಗೈ ಊರಿದೆ, 6 ಸೆಕೆಂಡು" ಎಂಬಷ್ಟು ಸಾಕು.

ಹೃದ್ರೋಗ, ಹತೋಟಿಗೆ ಬರದ ರಕ್ತದೊತ್ತಡ, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭಾವಸ್ಥೆ, ಮೂಳೆ ಸವೆತ (ಆಸ್ಟಿಯೊಪೊರೋಸಿಸ್) ಇವುಗಳಲ್ಲಿ ಯಾವುದಿದ್ದರೂ ಆರಂಭಿಸುವ ಮೊದಲು ವೈದ್ಯರ ಜೊತೆ ಮಾತಾಡಬೇಕು. ಅಭ್ಯಾಸದ ನಡುವೆ ಎದೆನೋವು, ತಲೆಸುತ್ತು, ಶ್ರಮಕ್ಕೆ ಮೀರಿದ ಏದುಸಿರು ಕಂಡರೆ ಅಲ್ಲಿಗೇ ನಿಲ್ಲಿಸಬೇಕು.

ಎಲ್ಲಿ ಸೇರಿಸಬೇಕು

ಸೇರಿಸುವುದು ಎಂಬ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ನಾನು ಮಾಡಿದ ಮೊದಲ ತಪ್ಪೂ ಅದೇ: ವಾರಕ್ಕೆ ನಾಲ್ಕು ದಿನದ ಅಭ್ಯಾಸವನ್ನು ಹಾಗೆಯೇ ಇಟ್ಟುಕೊಂಡು ಅದರ ಕೊನೆಯಲ್ಲಿ ಇಪ್ಪತ್ತು ನಿಮಿಷದ ಫಂಕ್ಷನಲ್ ಸುತ್ತುಗಳನ್ನು ತುರುಕಿದೆ. ಮೂರನೇ ವಾರದ ಹೊತ್ತಿಗೆ ಎಡ ಮಂಡಿಯ ಕೆಳಭಾಗದಲ್ಲಿ ನೋವು ಶುರುವಾಯಿತು, ಮೂಲ ವ್ಯಾಯಾಮಗಳ ತೂಕವೂ ಕುಸಿಯಿತು. ಹೊಸ ಚಲನೆಯಲ್ಲಿ ತಪ್ಪಿರಲಿಲ್ಲ. ಒಟ್ಟು ಹೊರೆ ಒಮ್ಮೆಲೇ ಜಾಸ್ತಿಯಾಗಿತ್ತು. ಆದ್ದರಿಂದ ಒಂದನ್ನು ತೆಗೆದು ಇನ್ನೊಂದನ್ನು ಇಡುವುದೇ ಇಲ್ಲಿಯ ನಿಯಮವಾಗಿರಲಿ. ಲೆಗ್ ಪ್ರೆಸ್ಸಿನ ನಾಲ್ಕು ಸೆಟ್‌ಗಳಿದ್ದರೆ (ಬಿಡುವಿಲ್ಲದೆ ಸತತವಾಗಿ ಮಾಡುವ ಒಂದು ಸುತ್ತು ಒಂದು ಸೆಟ್) ಎರಡನ್ನು ಉಳಿಸಿಕೊಂಡು, ಉಳಿದೆರಡರ ಜಾಗದಲ್ಲಿ ಮೆಟ್ಟಿಲಿಳಿಯುವ ಅಭ್ಯಾಸ ಮಾಡಬಹುದು; ಮಲಗಿ ತಲೆ, ಭುಜ ಎತ್ತುವ ಹೊಟ್ಟೆಯ ಕ್ರಂಚ್ ಬದಲು ಒಂದು ಕೈಯಲ್ಲಿ ತೂಕ ಹಿಡಿದು ನಡೆಯಬಹುದು; ಕೂತು ಎಳೆಯುವ ಯಂತ್ರದ ಬದಲು ಬೆಂಚಿಗೆ ಒಂದು ಕೈ ಊರಿ ಡಂಬೆಲ್ ರೋ, ಅಂದರೆ ಇನ್ನೊಂದು ಕೈಯಿಂದ ಡಂಬೆಲ್ಲನ್ನು ಪಕ್ಕೆಯ ಕಡೆಗೆ ಎಳೆಯುವುದನ್ನು ಮಾಡಬಹುದು. 45 ನಿಮಿಷದ ಅಭ್ಯಾಸದಲ್ಲಿ ಮೊದಲ ನಾಲ್ಕು ವಾರ 15 ನಿಮಿಷ ಇದಕ್ಕೆ ಮೀಸಲಿಟ್ಟರೆ ಸಾಕು. ಭಾರವಾದ ಸ್ಕ್ವಾಟ್ (ತೂಕ ಹೊತ್ತು ಕುಕ್ಕರಿಸಿ ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ತೂಕ ಎತ್ತಿ ನಿಲ್ಲುವುದು) ಮಾಡುವವರು ಅವನ್ನು ಬಿಡಬೇಕಾಗಿಲ್ಲ, ಬಿಡಲೂಬಾರದು, ಏಕೆಂದರೆ ಮೂಲಬಲವಿಲ್ಲದವರಿಗೆ ಚಲನೆಯ ಕುಶಲತೆ ಮಾತ್ರ ಹೆಚ್ಚು ದೂರ ನೆರವಾಗುವುದಿಲ್ಲ.

ವಾರದ ಒಟ್ಟು ಚೌಕಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಒಳ್ಳೆಯ ಅಳತೆಗೋಲು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಅಥವಾ 75ರಿಂದ 150 ನಿಮಿಷ ತೀವ್ರ ಶ್ರಮದ ಚಟುವಟಿಕೆ, ಅದರ ಜೊತೆಗೆ ಎರಡು ಅಥವಾ ಹೆಚ್ಚು ದಿನ ಪ್ರಮುಖ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. 65 ದಾಟಿದವರಿಗೆ ಇದರ ಮೇಲೆ ವಾರದಲ್ಲಿ ಮೂರು ಅಥವಾ ಹೆಚ್ಚು ದಿನ ಸಮತೋಲನ ಮತ್ತು ಬಲಕ್ಕೆ ಒತ್ತು ಕೊಡುವ ವೈವಿಧ್ಯಮಯ ಚಟುವಟಿಕೆ. ಫಂಕ್ಷನಲ್ ಅಭ್ಯಾಸದಲ್ಲಿ ತೂಕ ಸಾಕಷ್ಟಿದ್ದರೆ ಅದು ಬಲದ ದಿನದ ಲೆಕ್ಕಕ್ಕೇ ಬರುತ್ತದೆ, ಆದ್ದರಿಂದ ಪ್ರತ್ಯೇಕ ದಿನ ಹುಡುಕಬೇಕಾಗಿಲ್ಲ. ಒಂದೇ ಸ್ನಾಯುಗುಂಪಿಗೆ ಭಾರ ಹಾಕಿದ ಎರಡು ದಿನಗಳ ನಡುವೆ ಸುಮಾರು 48 ಗಂಟೆ ಬಿಡುವು ಇರಲಿ, ನಡುವಿನ ದಿನಗಳನ್ನು ನಡಿಗೆಗೋ ಸೈಕಲ್ಲಿಗೋ ಬಿಟ್ಟುಕೊಡಬಹುದು.

ದಿನದ ಅಭ್ಯಾಸದೊಳಗಿನ ಕ್ರಮವೂ ಮುಖ್ಯ. ವಾರ್ಮ್‌ಅಪ್ ಮುಗಿದ ಕೂಡಲೇ, ಮೈ ದಣಿಯುವ ಮುನ್ನ, ಸಮತೋಲನ ಮತ್ತು ವೇಗ ಬೇಡುವ ಚಲನೆಗಳು. ಅನಂತರ ಭಾರದ ಮುಖ್ಯ ವ್ಯಾಯಾಮ. ಕೊನೆಗೆ ಹೊತ್ತು ನಡೆಯುವುದು. ದಣಿದ ಕಾಲಲ್ಲಿ ಒಂಟಿಕಾಲಿನ ಸಮತೋಲನ ಕಲಿಯಲು ಹೋದರೆ ದೇಹ ಕಲಿಯುವುದು ತಡವರಿಸುವುದನ್ನೇ.

ನಾಲ್ಕು ಚಲನೆಗಳು, ಹತ್ತಿರದಿಂದ

ತಳ್ಳುವುದು ಮತ್ತು ಎಳೆಯುವುದನ್ನು ಬಹುತೇಕ ಯೋಜನೆಗಳು ಈಗಾಗಲೇ ಒಳಗೊಂಡಿರುತ್ತವೆ. ಪುಷ್‌ಅಪ್ ಮತ್ತು ರೋ ಇದ್ದರೆ ಅಲ್ಲಿಗೆ ಆಯಿತು. ಹೆಚ್ಚಿನವರ ಪಟ್ಟಿಯಲ್ಲಿ ಕಾಣೆಯಾಗಿರುವುದು ಬೇರೆ ನಾಲ್ಕು.

ಮೊದಲನೆಯದು ಸೊಂಟದ ಕೀಲಿನಿಂದ ಬಾಗುವುದು, ಅಂದರೆ ಹಿಪ್ ಹಿಂಜ್. ಒಂದು ಉದ್ದ ಕೋಲನ್ನು ಬೆನ್ನಿಗೆ ಲಂಬವಾಗಿ ಹಿಡಿಯಿರಿ. ಒಂದು ಕೈ ಕುತ್ತಿಗೆಯ ಹಿಂದೆ, ಇನ್ನೊಂದು ನಡುವಿನ ಹಿಂದೆ. ಕೋಲು ತಲೆಯ ಹಿಂಭಾಗ, ಎರಡು ಹೆಗಲಮೂಳೆಗಳ ನಡು ಮತ್ತು ಬೆನ್ನಿನ ಕೊನೆಯ ಮೂಳೆ, ಈ ಮೂರು ಕಡೆ ತಾಗಿರಬೇಕು. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ಮುಂದೆ ನಿಂತು, ಮಂಡಿಯನ್ನು ಸ್ವಲ್ಪ ಮಾತ್ರ ಸಡಿಲಿಸಿ, ಪೃಷ್ಠದಿಂದ ಗೋಡೆಯನ್ನು ಮುಟ್ಟಲು ಹಿಂದಕ್ಕೆ ಸರಿಯಿರಿ. ಮುಂಡ ತಾನಾಗಿ ಮುಂದೆ ಬಾಗುತ್ತದೆ. ಕೋಲು ಬೆನ್ನಿನ ಕೊನೆಯ ಮೂಳೆಯನ್ನು ಬಿಟ್ಟರೆ, ನೀವು ಸೊಂಟದ ಕೀಲನ್ನು ಬಿಟ್ಟು ಬೆನ್ನನ್ನು ಬಾಗಿಸಿದ್ದೀರಿ ಎಂದರ್ಥ. ಸರಿಯಾಗಿ ಆದಾಗ ತೊಡೆಯ ಹಿಂಭಾಗ ಬಿಗಿದ ಹಗ್ಗದಂತೆ ಎಳೆಯುತ್ತದೆ, ಭಾರ ಹಿಮ್ಮಡಿಯ ಕಡೆಗೆ ಸರಿಯುತ್ತದೆ, ಆದರೆ ಹೆಬ್ಬೆರಳು ನೆಲ ಬಿಡುವುದಿಲ್ಲ. ಹತ್ತು ಸಲ ಹೀಗೆ ಬಂದ ಮೇಲೆ ಗೋಡೆಯಿಂದ ಇನ್ನಷ್ಟು ಮುಂದೆ ನಿಲ್ಲಿರಿ, ಅನಂತರ ಕೋಲನ್ನು ಕೆಳಗಿಟ್ಟು ಕೆಟಲ್‌ಬೆಲ್ (ಮೇಲೆ ಹಿಡಿಕೆಯಿರುವ ತೂಕದ ಗುಂಡು) ಹಿಡಿಯಿರಿ. ಮೂಳೆ ಸವೆತ ಇರುವವರು ಭಾರ ಹಿಡಿದು ಬೆನ್ನನ್ನು ಗುಂಡಗೆ ಬಾಗಿಸಬಾರದು, ಹೊರಳಿಸಲೂಬಾರದು. ಅವರಿಗೆ ಈ ಪಾಠ ಉಳಿದೆಲ್ಲಕ್ಕಿಂತ ಮೊದಲು.

ಎರಡನೆಯದು ಒಂದು ಕೈಯಲ್ಲಿ ಹೊತ್ತು ನಡೆಯುವುದು. ಸೂಟ್‌ಕೇಸ್ ಕ್ಯಾರಿ ಎಂದು ಕರೆಯುವ ಈ ಅಭ್ಯಾಸ ನೋಡಲು ಬರಿಯ ನಡಿಗೆ. ಆದರೆ ಬಲಗೈಯಲ್ಲಿ ಭಾರವಿದ್ದಾಗ ಮುಂಡ ಬಲಕ್ಕೆ ಕುಸಿಯದಂತೆ ತಡೆಯುವವು ಎಡಪಕ್ಕೆಯ ಮತ್ತು ಎಡ ಸೊಂಟದ ಸ್ನಾಯುಗಳು. ಪ್ರತಿ ಹೆಜ್ಜೆಯಲ್ಲೂ ಅವು ಒಂದು ಕ್ಷಣ ಒಂಟಿಕಾಲಿನ ಮೇಲೆ ಇಡೀ ಹೊರೆಯನ್ನು ಕಾಯುತ್ತವೆ. 30 ಸೆಕೆಂಡು ವಾಲದೆ ನಡೆಯಬಲ್ಲಷ್ಟು ತೂಕದಿಂದ ಆರಂಭಿಸಿ, ಎರಡೂ ಕೈಗಳಿಗೆ ಎರಡೆರಡು ಸುತ್ತು ಮಾಡಿ. ಕನ್ನಡಿ ಬೇಕಾಗಿಲ್ಲ, ಕಿವಿ ಸಾಕು: ಎರಡೂ ಪಾದಗಳ ಸದ್ದು ಒಂದೇ ಬಗೆಯಲ್ಲಿ ಕೇಳಿಸಬೇಕು. ಒಂದು ಹೆಜ್ಜೆ ಧೊಪ್ ಎಂದು ಬೀಳತೊಡಗಿದರೆ ತೂಕ ಹೆಚ್ಚಾಯಿತು, ಇಲ್ಲವೇ ಸಮಯ ಮೀರಿತು.

ಮೂರನೆಯದು ನಿಧಾನವಾಗಿ ಇಳಿಯುವುದು. ಮೆಟ್ಟಿಲು ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಮಂಡಿ ಸೋಲುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಾಕಬೇಕು, ಈ ಬಗೆಯ ಕೆಲಸವನ್ನು ಪ್ರತ್ಯೇಕವಾಗಿ ಪಳಗಿಸದಿದ್ದರೆ ಅದು ಬರುವುದಿಲ್ಲ. 10 ಸೆಂ.ಮೀ. ಎತ್ತರದ ಗಟ್ಟಿ ಹಲಗೆಯ ಮೇಲೆ ಒಂದು ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮೂರು ಎಣಿಸುವಷ್ಟು ಹೊತ್ತಿನಲ್ಲಿ ನೆಲಕ್ಕೆ ತಾಗಿಸಿ, ಅದರ ಮೇಲೆ ಭಾರ ಹಾಕದೆ ಮರಳಿ ಮೇಲಕ್ಕೆ ಬನ್ನಿ. ನಿಂತ ಕಾಲಿನ ಮಂಡಿ ಒಳಕ್ಕೆ ಕುಸಿಯದೆ ಎರಡನೇ ಬೆರಳಿನ ದಿಕ್ಕಿನಲ್ಲಿಯೇ ಇರಬೇಕು. ಕಾಲಿಗೆ ಎಂಟರಂತೆ ಎರಡು ಸೆಟ್ ಸಲೀಸಾದ ಮೇಲೆ ಎತ್ತರವನ್ನು 15 ಸೆಂ.ಮೀ.ಗೆ ಏರಿಸಬಹುದು.

ನಾಲ್ಕನೆಯದು ನೆಲಕ್ಕೆ ಇಳಿದು ಏಳುವುದು. ಒಂದು ಮಂಡಿಯೂರಿ, ಇನ್ನೊಂದು ಪಾದ ಮುಂದಿಟ್ಟು, ಬೇಕಾದರೆ ಕುರ್ಚಿಯ ಆಸರೆಯಿಂದ ಏಳುವುದನ್ನು ಎಡಕ್ಕೂ ಬಲಕ್ಕೂ ಮೂರು ಮೂರು ಸಲ ಮಾಡಿದರೆ ಆರಂಭಕ್ಕೆ ಸಾಲುತ್ತದೆ. ಇದನ್ನು ಯಾರೂ ವ್ಯಾಯಾಮವೆಂದು ಎಣಿಸುವುದಿಲ್ಲ, ಬಿದ್ದ ದಿನ ಬೇಕಾಗುವುದು ಮಾತ್ರ ಇದೇ.

ಇವುಗಳ ಜೊತೆ ವೇಗದ ಒಂದು ಸಣ್ಣ ಅಂಶವನ್ನೂ ಮರೆಯಬಾರದು. ವಯಸ್ಸಾದಂತೆ ಸ್ನಾಯುಬಲಕ್ಕಿಂತ ಬೇಗ ಕುಗ್ಗುವುದು ಬಲವನ್ನು ಥಟ್ಟನೆ ಪ್ರಯೋಗಿಸುವ ಸಾಮರ್ಥ್ಯ. ಎಡವಿದಾಗ ಕಾಲನ್ನು ಸಕಾಲಕ್ಕೆ ಮುಂದಿಡಲು ಬೇಕಾದುದು ಅದೇ. ಕುರ್ಚಿಯಿಂದ ಏಳುವುದನ್ನು ವೇಗವಾಗಿ, ಕೂರುವುದನ್ನು ನಿಧಾನವಾಗಿ ಮಾಡುವ ಐದು ರೆಪ್‌ಗಳ (ಒಂದು ಸಲ ಎದ್ದು ಕೂತರೆ ಒಂದು ರೆಪ್) ಎರಡು ಸೆಟ್ ಇದಕ್ಕೆ ಒಳ್ಳೆಯ ಆರಂಭ.

ದಿನಕ್ಕೆ ತಕ್ಕಂತೆ ಹೊಂದಿಸುವುದು

ಗಾಯಗೊಂಡ ಸೈನಿಕರಿಗಾಗಿ 1940ರ ದಶಕದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ರೂಪಿಸಿದ ಚಿಕಿತ್ಸಾಕ್ರಮದಲ್ಲಿ ರೋಗಿಯ ಬಲ ಏರಿದಂತೆ ತೂಕವನ್ನೂ ಏರಿಸಲಾಗುತ್ತಿತ್ತು. ಇಂದಿನ ತೂಕದ ತರಬೇತಿಯೆಲ್ಲ ಆ ತತ್ತ್ವದ ಮೇಲೆಯೇ ನಿಂತಿದೆ. ಆದರೆ ಏರಿಕೆ ನೇರ ಗೆರೆಯಲ್ಲಿ ಸಾಗುವುದಿಲ್ಲ. ನಿದ್ದೆಗೆಟ್ಟ ರಾತ್ರಿ, ಜ್ವರದ ನಂತರದ ವಾರ, ಹೊತ್ತು ಮೀರಿದ ದುಡಿಮೆ ಎಲ್ಲವೂ ನಡುವೆ ಬರುತ್ತವೆ. ಹೊಂದಿಕೊಳ್ಳುವ ಯೋಜನೆಯಲ್ಲಿ ಪ್ರತಿ ಚಲನೆಗೂ ಮೂರು ರೂಪಗಳನ್ನು ಮೊದಲೇ ಬರೆದಿಟ್ಟಿರಬೇಕು. ಉದಾಹರಣೆಗೆ, ಕೂತು ಏಳುವುದಕ್ಕೆ: ಕೈಯೂರಿ ಎತ್ತರದ ಕುರ್ಚಿಯಿಂದ ಏಳುವುದು ಸುಲಭ ರೂಪ, ಸಾಧಾರಣ ಕುರ್ಚಿಯಿಂದ ಕೈಯಿಲ್ಲದೆ ಏಳುವುದು ನಿತ್ಯದ ರೂಪ, ಎದೆಗೆ ಡಂಬೆಲ್ ಹಿಡಿದು ಸ್ಕ್ವಾಟ್ ಮಾಡುವುದು ಕಠಿಣ ರೂಪ. ಹೀಗಿದ್ದರೆ ಆಯಾಸದ ದಿನ ಅಭ್ಯಾಸ ತಪ್ಪುವುದಿಲ್ಲ, ರೂಪ ಮಾತ್ರ ಬದಲಾಗುತ್ತದೆ.

ಯಾವ ದಿನ ಯಾವ ರೂಪ ಎಂಬುದನ್ನು ಮನಸ್ಸಿನ ಹುರುಪಿಗೆ ಬಿಡಬಾರದು. ವಾರ್ಮ್‌ಅಪ್ಪಿನ ಕೊನೆಯ ಸೆಟ್ ಅದನ್ನು ಹೇಳಲಿ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಶ್ರಮವನ್ನು ನಾವೇ ಅಂದಾಜಿಸಿಕೊಳ್ಳಲು 6ರಿಂದ 20ರವರೆಗಿನ ಮಾಪಕವನ್ನು ರೂಪಿಸಿದರು. ತೂಕದ ಅಭ್ಯಾಸಕ್ಕೆ ಈಗ ಬಳಕೆಯಲ್ಲಿರುವುದು 10 ಅಂಕದ ಮಾಪಕ. ಇದರಲ್ಲಿ 8 ಎಂದರೆ ಸೆಟ್ ನಿಲ್ಲಿಸಿದಾಗ ಇನ್ನೂ ಎರಡು ರೆಪ್ ಮಾಡುವ ಶಕ್ತಿ ಉಳಿದಿದೆ ಎಂದರ್ಥ, 7 ಎಂದರೆ ಮೂರು. ಫಂಕ್ಷನಲ್ ಚಲನೆಗಳನ್ನು ಮೊದಲ ತಿಂಗಳು 6 ಅಥವಾ 7ರಲ್ಲಿ ಇಡುವುದು ಸೂಕ್ತ, ಏಕೆಂದರೆ ಇಲ್ಲಿ ಸ್ನಾಯುವಿಗಿಂತ ಮೊದಲು ಕೆಡುವುದು ಚಲನೆಯ ಸ್ವರೂಪ. ನಿನ್ನೆ 6 ಎನ್ನಿಸಿದ ತೂಕ ಇಂದು ವಾರ್ಮ್‌ಅಪ್ಪಿನಲ್ಲೇ 8 ಎನ್ನಿಸಿದರೆ ಸುಲಭ ರೂಪಕ್ಕೆ ಇಳಿಯಿರಿ. ಸತತ ಮೂರು ಅಭ್ಯಾಸಗಳಲ್ಲಿ ಹಾಗೇ ಆದರೆ ಇಡೀ ವಾರದ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ.

ಏರಿಸುವಾಗ ಒಂದು ಸಲಕ್ಕೆ ಒಂದನ್ನೇ ಏರಿಸಬೇಕು. ತೂಕ, ಚಲನೆಯ ವಿಸ್ತಾರ, ವೇಗ, ನಿಲುವಿನ ಅಗಲ, ಸಮಯ ಇವೆಲ್ಲವೂ ತಿರುಪುಗಳಿದ್ದ ಹಾಗೆ. ಎರಡನ್ನು ಒಟ್ಟಿಗೆ ತಿರುಗಿಸಿದರೆ ನೋವು ಬಂದಾಗ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಎರಡು ಸತತ ಅಭ್ಯಾಸಗಳಲ್ಲಿ ಗುರಿಯ ರೆಪ್‌ಗಳು 7 ಅಥವಾ ಅದಕ್ಕಿಂತ ಕಡಿಮೆ ಶ್ರಮದಲ್ಲಿ ಮುಗಿದರೆ ಮಾತ್ರ ಮುಂದಿನ ಮೆಟ್ಟಿಲು. ನೋವಿನ ವಿಷಯದಲ್ಲಿ ಫಿಸಿಯೋಥೆರಪಿಸ್ಟ್‌ಗಳು ಸಾಮಾನ್ಯವಾಗಿ ಹೇಳುವ ಲೆಕ್ಕ ಉಪಯುಕ್ತ: ಹತ್ತರಲ್ಲಿ ಮೂರರೊಳಗಿನ ನೋವು ಅಭ್ಯಾಸದ ಹೊತ್ತಿನಲ್ಲಿ ಬಂದು, 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಸಬಹುದು, ಮರುದಿನವೂ ಹೆಚ್ಚಾಗಿಯೇ ಉಳಿದರೆ ಒಂದು ರೂಪ ಹಿಂದಕ್ಕೆ. ಚುಚ್ಚುವಂಥ ನೋವು, ಊತ, ಕೈಕಾಲು ಜೋಮು ಹಿಡಿಯುವುದು ಈ ಲೆಕ್ಕದ ಹೊರಗಿನವು. ಅವುಗಳಿಗೆ ವೈದ್ಯರೇ ಬೇಕು. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಹಠಾತ್ತನೆ ಏರುತ್ತದೆ, ಆದ್ದರಿಂದ ರಕ್ತದೊತ್ತಡದ ಸಮಸ್ಯೆ ಇರುವವರು ಎತ್ತುವಾಗ ಉಸಿರನ್ನು ಬಿಡುತ್ತಲೇ ಇರಬೇಕು.

ಅಭ್ಯಾಸ ತಪ್ಪಿದ ವಾರಗಳ ಬಗ್ಗೆ ಅನಗತ್ಯ ಗಾಬರಿ ಬೇಡ. ಎರಡು ವಾರದ ಬಿಡುವಿನಲ್ಲಿ ಬಲ ಹೆಚ್ಚೇನೂ ಕುಗ್ಗುವುದಿಲ್ಲ. ದಮ್ಮು ಅದಕ್ಕಿಂತ ಬೇಗ ಇಳಿಯುತ್ತದೆ. ಮರಳಿ ಬಂದ ಮೊದಲ ವಾರ ಅರ್ಧದಷ್ಟು ಸೆಟ್, ಒಂದು ರೂಪ ಸುಲಭ, ಎರಡನೇ ವಾರ ಮೊದಲಿನಂತೆ.

ಗಾಲಿಕುರ್ಚಿ ಬಳಸುವವರಿಗೂ ಇದೇ ತರ್ಕ ಅನ್ವಯಿಸುತ್ತದೆ. 2020ರ ಮಾರ್ಗಸೂಚಿಯಲ್ಲಿ ಅಂಗವಿಕಲರಿಗಾಗಿಯೂ ಪ್ರತ್ಯೇಕ ಶಿಫಾರಸುಗಳಿವೆ. ಅವರ ಕೆಲಸಗಳ ಪಟ್ಟಿ ಮಾತ್ರ ಬೇರೆ: ಕುರ್ಚಿಯಿಂದ ಹಾಸಿಗೆಗೆ ದಾಟುವುದು, ಇಳಿಜಾರಿನಲ್ಲಿ ತಳ್ಳುವುದು, ಬದಿಗೆ ಬಾಗಿ ವಸ್ತು ಎತ್ತಿಕೊಳ್ಳುವುದು. ದಿನವಿಡೀ ಗಾಲಿ ತಳ್ಳುವುದರಿಂದ ಭುಜದ ಮುಂಭಾಗ ಈಗಾಗಲೇ ದುಡಿದು ಸೋತಿರುತ್ತದೆ, ಭುಜನೋವು ಅವರಲ್ಲಿ ಬಹಳ ಸಾಮಾನ್ಯ. ಆದ್ದರಿಂದ ತಳ್ಳುವ ಒಂದು ಸೆಟ್‌ಗೆ ಎಳೆಯುವ ಎರಡು ಸೆಟ್ ಇಡುವುದು ಜಾಣತನ. ಸೂಟ್‌ಕೇಸ್ ಕ್ಯಾರಿಯ ಬದಲು, ಕೂತಲ್ಲಿಯೇ ಒಂದು ಕೈಯಲ್ಲಿ ತೂಕವನ್ನು ಬದಿಗೆ ತೂಗುಬಿಟ್ಟು 20 ಸೆಕೆಂಡು ವಾಲದೆ ಕೂರಬಹುದು; ಬೀಳದಂತೆ ಪಕ್ಕದಲ್ಲಿ ಒಬ್ಬರಿರಲಿ.

ಎಂಟು ವಾರ ಮುಗಿದ ಮೇಲೆ ಅದೇ ಕುರ್ಚಿ, ಅದೇ ಗೋಡೆ, ದಿನದ ಅದೇ ಹೊತ್ತಿನಲ್ಲಿ ಮೂರೂ ಪರೀಕ್ಷೆಗಳನ್ನು ಮತ್ತೆ ಮಾಡಿ, ಹಳೆಯ ಸಾಲಿನ ಕೆಳಗೆ ಹೊಸ ಸಾಲನ್ನು ಬರೆಯಿರಿ. ಎಣಿಕೆ ಏರಿದ್ದರೂ ಪಟ್ಟಿಯ ಕೆಲಸ ಮೊದಲಿನಷ್ಟೇ ಕಷ್ಟವೆನಿಸಿದರೆ ಆರಿಸಿಕೊಂಡ ವ್ಯಾಯಾಮ ಆ ಕೆಲಸಕ್ಕೆ ಹೊಂದಿಲ್ಲವೆಂದರ್ಥ, ಅದನ್ನು ಬದಲಿಸಿ. ಕೆಲಸ ಸಲೀಸಾಗಿದ್ದರೆ ಆ ಚಲನೆಯನ್ನು ವಾರಕ್ಕೊಮ್ಮೆ ಒಂದೇ ಸೆಟ್‌ಗೆ ಇಳಿಸಿ, ತೆರವಾದ ನಿಮಿಷಗಳಲ್ಲಿ ಪಟ್ಟಿಯ ಮುಂದಿನ ಕೆಲಸವನ್ನು ಕೈಗೆತ್ತಿಕೊಳ್ಳಿ.